ದುರ್ಗದ ಪಿನ್‌ಕೋಡ್ ಒಡೆದು ನೋಡಿದಾಗ

577501. ಚಿತ್ರದುರ್ಗದವರಿಗೆ ಇದೇನೆಂದು ಹೇಳಬೇಕಾಗಿಲ್ಲ. ಊರಿನ ಪಿನ್‌ಕೋಡ್. ನಾನಿರುವುದು ದಾವಣಗೆರೆಯಲ್ಲಿ. ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ದುರ್ಗದ ಕಡೆಯ ವ್ಯಾಪಾರಿಗಳ ಬಿಲ್ಲಿನ ಮೇಲೆ ಈ ಆರು ಅಂಕಿಗಳನ್ನು ಅದೆಷ್ಟು ಸಲ ಬರೆದಿದ್ದೇನೋ. ಅದು ಬರೀ ವಿಳಾಸ ಅಂದುಕೊಂಡಿದ್ದೆ. ಅದು ಒಂದು ಸಂಖ್ಯೆಯೂ ಹೌದು, ಅದಕ್ಕೂ ಒಂದು ಒಳಗು ಇದೆ ಅಂತ ಹೊಳೆಸಿದವಳು ನನ್ನ ಅಕ್ಕನ ಮಗಳು.

ಅವಳು ಹತ್ತನೇ ಕ್ಲಾಸು. ದಸರಾ ರಜೆಗೆ ನಮ್ಮ ಮನೆಗೆ ಬಂದಿದ್ದಳು. ವಾಪಸ್ ಬಿಟ್ಟುಬರಲು ಬಸ್ಸು ಹತ್ತಿದ್ದೆವು. ಅಕ್ಕನಿಗೆ ಅಂತ ಕಟ್ಟಿದ್ದ ರಟ್ಟಿನ ಡಬ್ಬಿ ಅವಳ ತೊಡೆಯ ಮೇಲಿತ್ತು. ಎಲ್ಲಾದರೂ ಮರೆತರೆ ಇರಲಿ ಅಂತ ಅದರ ಮೇಲೆ ವಿಳಾಸ ಬರೆದಿದ್ದೆ. ಆನಗೋಡು ದಾಟುವಾಗ ಅದನ್ನೇ ನೋಡುತ್ತಾ ಕೇಳಿದಳು: "ಮಾವ, ಈ 577501 ಪ್ರೈಮ್ ನಂಬರ್ ಇರಬೇಕು ಅಲ್ವಾ?"

ದಿನವಿಡೀ ಅಂಕಿಗಳ ಜೊತೆ ಇರುವ ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ನಮ್ಮಿಬ್ಬರನ್ನೂ ರಾತ್ರಿವರೆಗೆ ಹಿಡಿದು ಕೂರಿಸಿತು.

ಮೊದಲು ಪಿನ್‌ಕೋಡ್ ಬಗ್ಗೆ ಎರಡು ಮಾತು. ಭಾರತದಲ್ಲಿ ಇದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಅಂಕಿ ದೇಶದ ಒಂದು ದೊಡ್ಡ ವಲಯ. 5 ಅಂದರೆ ನಾವು, ಆಂಧ್ರ, ತೆಲಂಗಾಣ. ಮೊದಲ ಮೂರು ಅಂಕಿ ಸೇರಿದರೆ ಅಂಚೆ ವಿಂಗಡಿಸುವ ಜಿಲ್ಲೆ. ನಮ್ಮ ಸುತ್ತಲಿನ ಊರುಗಳಿಗೆಲ್ಲ ಅದು 577. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಭದ್ರಾವತಿ 577301, ಸಾಗರ 577401, ದುರ್ಗ 577501, ಹರಿಹರ 577601. ಅಂಚೆಯವರಿಗೆ ಬೇಕಾದದ್ದು ಇಷ್ಟೇ. ಗಣಿತ ಶುರುವಾಗುವುದು ಈ ಅರ್ಥವನ್ನೆಲ್ಲ ಪಕ್ಕಕ್ಕಿಟ್ಟು, ಐದು ಲಕ್ಷದ ಎಪ್ಪತ್ತೇಳು ಸಾವಿರದ ಐನೂರ ಒಂದು ಅಂತ ಓದಿದಾಗ.

ಪ್ರೈಮ್ ಅಂದರೆ ಅವಿಭಾಜ್ಯ ಸಂಖ್ಯೆ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷ ಉಳಿಯದಂತೆ ಭಾಗವಾಗದ ಸಂಖ್ಯೆ. 2, 3, 5, 7, 11, 13 ಹೀಗೆ. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣ ಸಂಖ್ಯೆಯನ್ನು ತೆಗೆದುಕೊಂಡರೂ ಒಂದೋ ಅದೇ ಅವಿಭಾಜ್ಯ, ಇಲ್ಲಾ ಅವಿಭಾಜ್ಯಗಳನ್ನು ಗುಣಿಸಿ ಆದದ್ದು. ಹಾಗೆ ಗುಣಿಸುವುದಕ್ಕೆ ಒಂದೇ ಒಂದು ದಾರಿ. 12 ಅಂದರೆ 2×2×3. ಬೇರೆ ಯಾವ ಅವಿಭಾಜ್ಯಗಳನ್ನು ತಂದರೂ 12 ಆಗುವುದಿಲ್ಲ. ಹಾಗಾಗಿ ಒಂದು ಸಂಖ್ಯೆಯ ಗುಣ ತಿಳಿಯಬೇಕು ಅಂದರೆ ಮೊದಲು ಅದನ್ನು ಒಡೆಯಬೇಕು. ಒಡೆಯದಿದ್ದರೆ, ಒಡೆಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಎರಡು ಮತ್ತು ಐದನ್ನು ಕೊನೆಯ ಅಂಕಿ ನೋಡಿದರೆ ಸಾಕು. 1 ಇದೆ, ಎರಡೂ ಹೋಗುವುದಿಲ್ಲ. ಮೂರಕ್ಕೆ ಅಂಕಿಗಳನ್ನು ಕೂಡಬೇಕು. 5+7+7+5+0+1 = 25. ಇಪ್ಪತ್ತೈದು ಮೂರರಿಂದ ಭಾಗವಾಗುವುದಿಲ್ಲ, ಸಂಖ್ಯೆಯೂ ಆಗುವುದಿಲ್ಲ.

ಈ ಕೂಡುವ ಲೆಕ್ಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರ ಋಣ ನನ್ನ ಮೇಲಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ನನ್ನ ಕಿರ್ದಿ ತಾಳೆಯಾಗಲಿಲ್ಲ. 450 ರೂಪಾಯಿ ವ್ಯತ್ಯಾಸ. ಮೂರು ಸಲ ಕೂಡಿದೆ, ಮೂರು ಸಲವೂ ಅದೇ. ಅಂಗಡಿಯ ಹಿರಿಯ ಗುಮಾಸ್ತರು ಪುಸ್ತಕವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗುತ್ತಾ?" ಅಂದರು. ಹೋಗುತ್ತದೆ, ಐವತ್ತು ಸಲ. "ಹಾಗಾದ್ರೆ ಕೂಡಿದ್ದು ಸರಿ ಇದೆ. ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ, ಹುಡುಕು." ಹುಡುಕಿದೆ. 7,501 ಬರೆಯುವ ಕಡೆ 7,051 ಅಂತ ಬರೆದಿದ್ದೆ.

ಅವರಿಗೆ ಅದು ಗೊತ್ತಾದದ್ದು ಹೇಗೆ? 5 ನೂರರ ಸ್ಥಾನದಲ್ಲಿದ್ದರೆ ಅದರ ಬೆಲೆ 500. ಹತ್ತರ ಸ್ಥಾನಕ್ಕೆ ಜಾರಿದರೆ 50. ವ್ಯತ್ಯಾಸ ಐದು ಸಲ 90. ಯಾವ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೂ ಹೀಗೇ. ಬರುವ ವ್ಯತ್ಯಾಸ 9, 90, 99, 900, ಇಂಥವುಗಳ ಗುಣಕವೇ ಆಗಿರುತ್ತದೆ, ಅಂದರೆ ಒಂಬತ್ತು ಅದರೊಳಗೆ ಇದ್ದೇ ಇರುತ್ತದೆ. ಅಂಕಿ ಕೂಡಿ ಮೂರನ್ನು, ಒಂಬತ್ತನ್ನು ಪರೀಕ್ಷಿಸುವುದರ ಗುಟ್ಟೂ ಇದೇ. 10 ಅಂದರೆ 9+1. 100 ಅಂದರೆ 99+1. 1000 ಅಂದರೆ 999+1. ಒಂಬತ್ತುಗಳನ್ನು ಬಿಟ್ಟುಬಿಟ್ಟರೆ ಪ್ರತಿ ಸ್ಥಾನದಲ್ಲೂ ಉಳಿಯುವುದು ಬರೀ ಆ ಅಂಕಿ.

ನಾನು ಈ ಕಥೆ ಹೇಳುತ್ತಿರುವಾಗ ನನ್ನ ಸೊಸೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಏನೋ ಗೀಚುತ್ತಿದ್ದಳು. "ಮಾವ, ಒಂದು ಕಳೆದು ನೋಡು" ಅಂದಳು. 577501ರಲ್ಲಿ ಒಂದು ಕಳೆದರೆ 577500. ಅದು 5775×100. ಆ 5775 ಅಂದರೆ 25×231. ಆ 231 ಅಂದರೆ 3×7×11. ಎಲ್ಲ ಸೇರಿಸಿ ಬರೆದರೆ,

577500 = 2×2×3×5×5×5×5×7×11.

ಅದರಲ್ಲಿ 2, 3, 5, 7, 11 ಎಲ್ಲವೂ ಇವೆ. 577501 ಅದಕ್ಕಿಂತ ಒಂದೇ ಒಂದು ಜಾಸ್ತಿ. ಹಾಗಾದರೆ ಈ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯಲೇಬೇಕು. ಒಂದೇ ಏಟಿಗೆ ಐದು ಅವಿಭಾಜ್ಯಗಳು ಹೊರಗೆ. ನಾನು ಒಂದೊಂದಾಗಿ ನಿಯಮ ಹಚ್ಚುತ್ತಾ ಕೂತಿದ್ದೆ, ಅವಳು ಪಕ್ಕದ ಮನೆಗೆ ಹೋಗಿ ಇಣುಕಿ ನೋಡಿ ಬಂದಿದ್ದಳು. ಅವಿಭಾಜ್ಯಗಳಿಗೆ ಕೊನೆಯಿಲ್ಲ ಅಂತ ಸುಮಾರು 2300 ವರ್ಷದ ಹಿಂದೆ ಯೂಕ್ಲಿಡ್ ತೋರಿಸಿದ್ದೂ ಇದೇ ಉಪಾಯದಿಂದ. ನಿಮ್ಮ ಹತ್ತಿರ ಇರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದೂ ಭಾಗಿಸಲಾರದು. ಅಂದಮೇಲೆ ನಿಮ್ಮ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಎಲ್ಲೋ ಇದೆ.

ಮುಂದೆ 13. ಇದಕ್ಕೆ ನನ್ನ ಹತ್ತಿರ ಒಂದು ಉಪಾಯ ಇತ್ತು. 7×11×13 = 1001. ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಕತ್ತರಿಸಿ, 577 ಮತ್ತು 501. ಒಂದರಿಂದ ಇನ್ನೊಂದನ್ನು ಕಳೆಯಿರಿ, 76. ಈ 76 ಅನ್ನು ಏಳು, ಹನ್ನೊಂದು, ಹದಿಮೂರು ಯಾವುದು ಭಾಗಿಸುತ್ತದೋ ಅದು ಪೂರ್ತಿ ಸಂಖ್ಯೆಯನ್ನೂ ಭಾಗಿಸುತ್ತದೆ. ಮೂರೂ ಭಾಗಿಸುವುದಿಲ್ಲ. ಹದಿಮೂರೂ ಹೋಯಿತು.

ಇನ್ನು ಉಪಾಯಗಳು ಮುಗಿದವು. 17, 19, 23, 29... ಭಾಗಿಸುತ್ತಲೇ ಹೋಗಬೇಕು. ಎಲ್ಲಿಯವರೆಗೆ? ಇದಕ್ಕೆ ಒಂದು ಗಡಿ ಇದೆ. ಎರಡು ಸಂಖ್ಯೆಗಳ ಗುಣಲಬ್ಧ 577501 ಆಗಬೇಕಾದರೆ ಎರಡೂ 760 ಅಥವಾ ಅದಕ್ಕಿಂತ ದೊಡ್ಡವಾಗಿರಲು ಆಗುವುದಿಲ್ಲ. ಯಾಕೆಂದರೆ 760×760 = 577600, ಆಗಲೇ 99 ಜಾಸ್ತಿ. ಒಡೆಯುವುದಾದರೆ ಒಂದು ತುಂಡು 760ರ ಒಳಗೆ ಸಿಗಲೇಬೇಕು. ಆ ಗಡಿಯೊಳಗೆ ಇರುವ ಅವಿಭಾಜ್ಯಗಳು 134. ಅಷ್ಟೂ ವಿಫಲವಾದರೆ 577501 ಅವಿಭಾಜ್ಯ ಅಂತ ಸಾಧಿಸಿದ ಹಾಗೆ.

ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇತ್ತು. ಬೇಡ ಅಂದಳು. ಭರಮಸಾಗರ ಬರುವ ಹೊತ್ತಿಗೆ 41 ಆಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸುವಾಗ 67. ಬಸ್ಸು ಕುಲುಕಿ ಒಂದೆರಡು ಲೆಕ್ಕ ತಪ್ಪಿ ಮತ್ತೆ ಮಾಡಿದೆವು. ದುರ್ಗದಲ್ಲಿ ಇಳಿದಾಗ 97 ಮುಗಿದಿತ್ತು. ಏನೂ ಸಿಕ್ಕಿರಲಿಲ್ಲ.

ಇಲ್ಲಿ ನಂಬಿಕೆ ಹೇಗೆ ಬೆಳೆಯುತ್ತದೆ ನೋಡಿ. ಆರು ಅಂಕಿಯ ಸಂಖ್ಯೆಗಳು ಒಟ್ಟು 9 ಲಕ್ಷ. ಅದರಲ್ಲಿ ಅವಿಭಾಜ್ಯಗಳು 68,906. ಸುಮಾರು 13ಕ್ಕೆ ಒಂದು. ಕಣ್ಣು ಮುಚ್ಚಿ ಒಂದು ಸಂಖ್ಯೆ ಎತ್ತಿದರೆ ಅದು ಅವಿಭಾಜ್ಯವಾಗುವ ಸಾಧ್ಯತೆ ಅಷ್ಟೇ. 2, 3, 5, 7, 11 ಯಾವುದೂ ಹೋಗುವುದಿಲ್ಲ ಅಂತ ಗೊತ್ತಾದ ತಕ್ಷಣ ಅದು ಸುಮಾರು ಮೂರಕ್ಕೆ ಒಂದಾಗುತ್ತದೆ. 269ರವರೆಗೂ ಏನೂ ಹೋಗದಿದ್ದರೆ ಸುಮಾರು ಮುಕ್ಕಾಲು ಪಾಲು. ಅಂದರೆ ಪ್ರತಿ ಸೋಲೂ ನಮ್ಮನ್ನು ಇದು ಅವಿಭಾಜ್ಯವೇ ಅನ್ನುವ ಕಡೆಗೆ ತಳ್ಳುತ್ತಿತ್ತು. ಅಕ್ಕನ ಮನೆಯಲ್ಲಿ ಊಟ ಮುಗಿಸಿ ಮತ್ತೆ ಕೂತಾಗ ಇಬ್ಬರಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. 57 ಅವಿಭಾಜ್ಯಗಳು ಮುಗಿದವು. ಗಂಟೆ ಹತ್ತೂವರೆ ದಾಟಿತ್ತು. ಮುಂದಿನದು 271.

ಆ ಭಾಗಾಕಾರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 577ರಲ್ಲಿ 271 ಎರಡು ಸಲ, 542. ಉಳಿದದ್ದು 35. ಐದು ಇಳಿಸಿದಳು, 355. ಒಂದು ಸಲ. ಉಳಿದದ್ದು 84. ಸೊನ್ನೆ ಇಳಿಸಿದಳು, 840. ಮೂರು ಸಲ, 813. ಉಳಿದದ್ದು 27. ಕೊನೆಯ ಅಂಕಿ 1. ಅದನ್ನು 27ರ ಪಕ್ಕಕ್ಕೆ ಇಳಿಸಿದಳು. 271.

ಪೆನ್ನು ಅಲ್ಲೇ ನಿಂತಿತು. ಭಾಗಿಸಬೇಕಾದ ಸಂಖ್ಯೆಯೇ ಕೆಳಗೆ ಬಂದು ಕೂತಿತ್ತು. ಒಂದು ಸಲ, ಶೇಷ ಸೊನ್ನೆ.

"ಕಿಂಡಿ ಸಿಕ್ತು ಮಾವ!" ಅಂತ ಕೂಗಿದಳು. ದುರ್ಗದ ಹುಡುಗಿ ಬೇರೆ ಏನು ಹೇಳಿಯಾಳು. ಏಳು ಸುತ್ತಿನ ಕೋಟೆ ನೋಡುತ್ತಲೇ ಬೆಳೆದವಳು, ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವಳು.

577501 = 271×2131.

2131 ಮತ್ತೆ ಒಡೆಯುತ್ತದಾ ಅಂತ ನೋಡಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಅದರ ವರ್ಗಮೂಲ 46ಕ್ಕೆ ಸ್ವಲ್ಪ ಹೆಚ್ಚು. ಗಡಿ ಅಲ್ಲಿಗೇ. 43ರವರೆಗೆ ಯಾವುದೂ ಹೋಗಲಿಲ್ಲ. ಎರಡೂ ಅವಿಭಾಜ್ಯ, ಕೆಲಸ ಪೂರ್ತಿ.

ಒಂದು ವಿಷಯ ಮಾರನೇ ದಿನ ಹೊಳೆಯಿತು. 271ಕ್ಕೂ ಒಂದು ಸುಲಭ ಪರೀಕ್ಷೆ ಇದೆ. 271×369 = 99999. ಒಂಬತ್ತಕ್ಕೆ ಒಂದೊಂದೇ ಅಂಕಿ ಕೂಡುವ ಹಾಗೆ, ಇದಕ್ಕೆ ಐದೈದು ಅಂಕಿಗಳ ಗುಂಪು ಮಾಡಿ ಕೂಡಬೇಕು. 577501 ಅಂದರೆ ಒಂದು ಕಡೆ 5, ಇನ್ನೊಂದು ಕಡೆ 77501. ಕೂಡಿದರೆ 77506. ಅದು ಸರಿಯಾಗಿ 271×286. ಮೊದಲೇ ಗೊತ್ತಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಮುಗಿಯುತ್ತಿತ್ತು. ಆದರೆ 271ಕ್ಕೇ ಪರೀಕ್ಷೆ ಮಾಡಬೇಕು ಅಂತ ಮೊದಲೇ ಯಾರಿಗೆ ಗೊತ್ತಿರುತ್ತದೆ?

ಈಗ 577500 ಮತ್ತು 577501 ಎರಡನ್ನೂ ಪಕ್ಕಪಕ್ಕ ಇಡಿ. ನಮ್ಮ ಯಾರ್ಡಿನ ಮಾತಿನಲ್ಲಿ ಹೇಳುತ್ತೇನೆ. 577500 ಚೀಲ ಮೆಕ್ಕೆಜೋಳ ಇದೆ ಅಂದುಕೊಳ್ಳಿ. ಸಮನಾದ ಸಾಲುಗಳಲ್ಲಿ ಜೋಡಿಸಬೇಕು, ಒಂದು ಚೀಲವೂ ಮಿಗಬಾರದು. 2 ಸಾಲು ಮಾಡಬಹುದು, 3, 4, 5, 6, 7, ಹತ್ತು, ಹನ್ನೊಂದು, ಹನ್ನೆರಡು, ನೂರು, ಸಾವಿರದ ನೂರು... ಒಟ್ಟು 120 ರೀತಿ. 577500ಕ್ಕೆ ಭಾಜಕಗಳು 120 ಇವೆ. ಈ 120 ಬರುವುದು ಹೀಗೆ: ಎರಡನ್ನು ಬಳಸದೇ ಇರಬಹುದು, ಒಂದು ಸಲ ಅಥವಾ ಎರಡು ಸಲ ಬಳಸಬಹುದು, ಅಲ್ಲಿಗೆ ಮೂರು ಆಯ್ಕೆ. ಐದಕ್ಕೆ ಹೀಗೇ ಐದು ಆಯ್ಕೆ. 3, 7, 11ಕ್ಕೆ ಎರಡೆರಡು. 3×5×2×2×2 = 120.

ಅದಕ್ಕೆ ಒಂದೇ ಒಂದು ಚೀಲ ಸೇರಿಸಿ. 577501. ಈಗ 271 ಸಾಲು ಮಾಡಿ ಸಾಲಿಗೆ 2131 ಇಡಬೇಕು. ಇಲ್ಲಾ 2131 ಸಾಲು ಮಾಡಿ 271 ಇಡಬೇಕು. ಅದೂ ಬೇಡ ಅಂದರೆ ಎಲ್ಲವನ್ನೂ ಒಂದೇ ಸಾಲಿಗೆ ಹಾಕಿ, ಅಥವಾ ಸಾಲಿಗೆ ಒಂದೊಂದೇ ಚೀಲ ಇಡಿ. ನಾಲ್ಕೇ ರೀತಿ. 120 ಎಲ್ಲಿ, 4 ಎಲ್ಲಿ! ಒಂದು ಚೀಲದಲ್ಲಿ ಎಲ್ಲ ಬದಲಾಯಿತು. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಬೇರೆ ಯಾವ ಭಾಜಕವೂ ಸಮಾನವಾಗಿರುವುದಿಲ್ಲ. ಕೂಡುವ ಲೆಕ್ಕದಲ್ಲಿ ಇವು ಗೋಡೆ ಹಂಚಿಕೊಂಡ ಮನೆಗಳು, ಗುಣಿಸುವ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರು. ಸಂಖ್ಯೆಗಳ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಇದೇ. ಗಣಿತದ ಎಷ್ಟೋ ಕಷ್ಟದ ಪ್ರಶ್ನೆಗಳು ಕೂಡುವುದು ಮತ್ತು ಗುಣಿಸುವುದು ಒಂದನ್ನೊಂದು ಎದುರಾಗುವ ಜಾಗದಲ್ಲೇ ಇವೆ.

ಸಾಲು ಬಿಟ್ಟು ಚೌಕಕ್ಕೆ ಬನ್ನಿ. 577501 ಚೀಲಗಳನ್ನು ಎರಡು ಚೌಕಗಳಾಗಿ ಹರಡಬಹುದಾ? ಅಂದರೆ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? ಆಗುವುದಿಲ್ಲ. ಒಂದೊಂದಾಗಿ ಪ್ರಯತ್ನಿಸದೆಯೇ ಇದನ್ನು ಹೇಳಬಹುದು. ಬೆಸ ಅವಿಭಾಜ್ಯಗಳಲ್ಲಿ ಎರಡು ಜಾತಿ. ನಾಲ್ಕರಿಂದ ಭಾಗಿಸಿದಾಗ ಶೇಷ 1 ಉಳಿಯುವವು: 5, 13, 17, 29. ಶೇಷ 3 ಉಳಿಯುವವು: 3, 7, 11, 19. ಮೊದಲ ಜಾತಿಯವನ್ನೆಲ್ಲ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. 13 ಅಂದರೆ 9+4, 29 ಅಂದರೆ 25+4. ಎರಡನೇ ಜಾತಿಯವನ್ನು ಆಗುವುದಿಲ್ಲ. ಇದನ್ನು 17ನೇ ಶತಮಾನದಲ್ಲಿ ಹೇಳಿದವನು ಫ್ರಾನ್ಸಿನ ಫರ್ಮಾ, ಆಮೇಲೆ ಸಾಧಿಸಿ ತೋರಿಸಿದವನು ಗಣಿತಜ್ಞ ಆಯ್ಲರ್. ದೊಡ್ಡ ಸಂಖ್ಯೆಯೊಳಗೆ ಎರಡನೇ ಜಾತಿಯ ಅವಿಭಾಜ್ಯ ಒಂದಾದರೂ ಬೆಸ ಸಲ ಬಂದರೆ ಸಾಕು, ಇಡೀ ಸಂಖ್ಯೆಗೆ ಆ ದಾರಿ ಮುಚ್ಚಿತು. 271ಕ್ಕೂ ಶೇಷ 3, 2131ಕ್ಕೂ ಶೇಷ 3. ಎರಡು ಚೌಕ ಆಗುವುದಿಲ್ಲ. ಮೂರು ಚೌಕ ಆಗುತ್ತದೆ. ಬದಿ 756, 77 ಮತ್ತು 6. ವರ್ಗ ಮಾಡಿದರೆ 571536, 5929, 36. ಕೂಡಿ ನೋಡಿ, ಸರಿಯಾಗಿ 577501.

ಈಗ ಮೊದಲ ಮೂರು ಅಂಕಿಗೆ ಬರುತ್ತೇನೆ. 577. ಇದು ಅವಿಭಾಜ್ಯ. ಅಷ್ಟೇ ಆಗಿದ್ದರೆ ನಾನು ಇಲ್ಲಿ ನಿಲ್ಲುತ್ತಿರಲಿಲ್ಲ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿ ಕಟ್ಟುವವರಿಗಾಗಿ ಒಂದು ಲೆಕ್ಕ ಹೇಳಿದೆ. 2500 ವರ್ಷಕ್ಕೂ ಹಳೆಯದು. ಒಂದು ಚೌಕದ ಎರಡರಷ್ಟು ಜಾಗದ ಚೌಕ ಬೇಕು, ಅದರ ಬದಿ ಎಷ್ಟಿರಬೇಕು? ಅಂದರೆ ಎರಡರ ವರ್ಗಮೂಲ ಎಷ್ಟು? ಸೂತ್ರ ಹೇಳುವುದು: ಅಳತೆಗೆ ಅದರ ಮೂರನೇ ಒಂದು ಪಾಲು ಸೇರಿಸು, ಆ ಪಾಲಿನ ನಾಲ್ಕನೇ ಒಂದು ಪಾಲನ್ನೂ ಸೇರಿಸು, ಆ ನಾಲ್ಕನೇ ಪಾಲಿನ ಮೂವತ್ತನಾಲ್ಕನೇ ಒಂದು ಪಾಲು ಕಳೆ.

ಮಾಡಿ ನೋಡೋಣ. ಒಂದಕ್ಕೆ ಮೂರನೇ ಒಂದು ಸೇರಿಸಿ. ಅದಕ್ಕೆ ಹನ್ನೆರಡನೇ ಒಂದು ಸೇರಿಸಿ. ಹನ್ನೆರಡರಲ್ಲಿ ಹದಿನೇಳು ಆಯಿತು, 17/12. ಈಗ 12×34, ಅಂದರೆ 408ನೇ ಒಂದು ಪಾಲು ಕಳೆಯಿರಿ. ಬರುವುದು 577/408.

ನಮ್ಮ 577! ಬೆಲೆ 1.4142156. ನಿಜವಾದ ವರ್ಗಮೂಲ 1.4142135. ಐದು ದಶಾಂಶ ಸ್ಥಾನದವರೆಗೆ ಸರಿ. ಎಷ್ಟು ಹತ್ತಿರ ಅಂತ ಪೂರ್ಣ ಸಂಖ್ಯೆಯಲ್ಲೇ ನೋಡಬಹುದು. 577ರ ವರ್ಗ 332929. 408ರ ವರ್ಗದ ಎರಡರಷ್ಟು 332928. ವ್ಯತ್ಯಾಸ ಒಂದು. ಎರಡರ ವರ್ಗಮೂಲವನ್ನು ಭಿನ್ನರಾಶಿಯಾಗಿ ಪೂರ್ತಿ ಸರಿಯಾಗಿ ಬರೆಯಲು ಆಗುವುದೇ ಇಲ್ಲ, ಹಾಗಾಗಿ ವ್ಯತ್ಯಾಸ ಸೊನ್ನೆ ಆಗಲಾರದು. ಇದಕ್ಕಿಂತ ಹತ್ತಿರ ಬರಲು ಸಂಖ್ಯೆಗಳನ್ನೇ ದೊಡ್ಡದು ಮಾಡಬೇಕು.

ಆ ದಾರಿಯನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ತೋರಿಸಿದ. ಅವನದು ಭಾವನಾ ಎನ್ನುವ ವಿಧಾನ. 17 ಮತ್ತು 12 ತೆಗೆದುಕೊಳ್ಳಿ. 17ರ ವರ್ಗ 289, 12ರ ವರ್ಗದ ಎರಡರಷ್ಟು 288, ಇಲ್ಲೂ ವ್ಯತ್ಯಾಸ ಒಂದೇ. ಆ ಎರಡನ್ನೂ ಕೂಡಿದರೆ 577. 17 ಮತ್ತು 12ರ ಗುಣಲಬ್ಧದ ಎರಡರಷ್ಟು 408. ಹಳೆಯ ಜೋಡಿಯಿಂದ ಹೊಸ ಜೋಡಿ ಹುಟ್ಟಿತು. ಇನ್ನೊಂದು ಸುತ್ತು ಹಾಕಿದರೆ 665857 ಮತ್ತು 470832. ಎರಡೂ ಆರಾರು ಅಂಕಿ. ಅಂಚೆ ಇಲಾಖೆ 577 ಇಟ್ಟದ್ದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಅದು ಕಾಕತಾಳೀಯ. ಆದರೂ ಬಿಲ್ಲಿನ ಮೇಲೆ 577 ಬರೆಯುವಾಗ ಈಗ ನನಗೆ 408 ನೆನಪಾಗುತ್ತದೆ.

ಇನ್ನು ಆ ರಾತ್ರಿಯ ಶ್ರಮದ ಬಗ್ಗೆ. 271×2131 ಗುಣಿಸಲು ಅರ್ಧ ನಿಮಿಷ ಸಾಕು. 577501 ಕೊಟ್ಟು ಒಡೆಯಿರಿ ಅಂದರೆ ಒಂದು ಸಂಜೆ ಪೂರ್ತಿ ಹೋಯಿತು. ಹೋಗುವಾಗ ಇಳಿಜಾರು, ಬರುವಾಗ ಏರು. ಅಂಕಿಗಳು ಹೆಚ್ಚಿದಂತೆ ಈ ಏರು ಎಷ್ಟು ಕಡಿದಾಗುತ್ತದೆ ಅಂದರೆ ಕಂಪ್ಯೂಟರುಗಳೂ ಹತ್ತಲಾರವು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದನ್ನೇ ಬೀಗ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿ ಇಟ್ಟುಕೊಂಡು, ಅವುಗಳ ಗುಣಲಬ್ಧವನ್ನು ಊರಿಗೆಲ್ಲ ಹೇಳುವುದು. ಗುಣಲಬ್ಧ ಗೊತ್ತಿದ್ದರೆ ಬೀಗ ಹಾಕಬಹುದು, ತೆಗೆಯಲು ಒಳಗಿನ ಎರಡು ಗೊತ್ತಿರಬೇಕು. ಆರ್‌ಎಸ್‌ಎ ಅಂತ ಅದರ ಹೆಸರು, ಮೂವರ ಹೆಸರಿನ ಮೊದಲ ಅಕ್ಷರಗಳು. ಇವತ್ತಿಗೂ ಇಂಟರ್‌ನೆಟ್ಟಿನಲ್ಲಿ ಬಳಕೆಯಲ್ಲಿದೆ. ಬರೀ 0 ಮತ್ತು 1ರಲ್ಲಿ ಬರೆಯುವ ಕಂಪ್ಯೂಟರ್ ಭಾಷೆಯಲ್ಲಿ ನಮ್ಮ 577501ಕ್ಕೆ 20 ಬಿಟ್, ಅಂದರೆ ಅಂಥ 20 ಅಂಕಿ ಬೇಕು. ಆ ಬೀಗಗಳಲ್ಲಿ ಸಾಮಾನ್ಯವಾಗಿ ಇರುವುದು 2048 ಬಿಟ್‌ನ ಸಂಖ್ಯೆ, 617 ಅಂಕಿ. 250 ಅಂಕಿಯ ಒಂದು ಸಂಖ್ಯೆಯನ್ನು 2020ರ ಫೆಬ್ರವರಿಯಲ್ಲಿ ಸಂಶೋಧಕರು ಒಡೆದರು. ಅದಕ್ಕೆ ಅವರು ಎಷ್ಟೋ ಕಂಪ್ಯೂಟರುಗಳನ್ನು ಒಟ್ಟಿಗೆ ಹಚ್ಚಿದ್ದರು. ಒಂದೇ ಪ್ರೊಸೆಸರ್ ಕೋರ್ ಮೇಲೆ ಮಾಡಿದ್ದರೆ ಸುಮಾರು 2700 ವರ್ಷ ಬೇಕಾಗುತ್ತಿತ್ತು.

ಇಲ್ಲಿ ಒಂದು ವಿಚಿತ್ರ ಇದೆ. ಸಂಖ್ಯೆ ಒಡೆಯುತ್ತದೆ ಅಂತ ತಿಳಿಯುವುದು ಸುಲಭ, ಎಲ್ಲಿ ಒಡೆಯುತ್ತದೆ ಅಂತ ತಿಳಿಯುವುದೇ ಕಷ್ಟ. ಫರ್ಮಾ ಕಂಡುಕೊಂಡ ಇನ್ನೊಂದು ನಿಯಮ: ಬೆಸ ಅವಿಭಾಜ್ಯ ಒಂದನ್ನು ತೆಗೆದುಕೊಳ್ಳಿ. ಅದಕ್ಕಿಂತ ಒಂದು ಕಡಿಮೆ ಸಲ ಎರಡುಗಳನ್ನು ಬರೆದು ಗುಣಿಸಿ, ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 7ಕ್ಕೆ ನೋಡಿ, ಆರು ಎರಡುಗಳನ್ನು ಗುಣಿಸಿದರೆ 64, ಏಳರಿಂದ ಭಾಗಿಸಿದರೆ ಶೇಷ 1. 577501ಕ್ಕೆ 577500 ಎರಡುಗಳು ಬೇಕು. ವರ್ಗದ ಮೇಲೆ ವರ್ಗ ಮಾಡುತ್ತಾ, ಪ್ರತಿ ಹೆಜ್ಜೆಯಲ್ಲೂ ಶೇಷ ಮಾತ್ರ ಇಟ್ಟುಕೊಂಡು ಹೋದರೆ ನಲವತ್ತು ಹೆಜ್ಜೆಯೊಳಗೆ ಮುಗಿಯುತ್ತದೆ. ಶೇಷ 1 ಬರುವುದಿಲ್ಲ. ಅಲ್ಲಿಗೆ ಇದು ಅವಿಭಾಜ್ಯ ಅಲ್ಲ ಅಂತ ಖಾತ್ರಿ. ಆದರೆ 271ರ ಸುಳಿವು ಮಾತ್ರ ಅದರಲ್ಲಿ ಇಲ್ಲ. ಈ ಪರೀಕ್ಷೆಗೂ ಕೆಲವು ಕಣ್ಣು ತಪ್ಪಿಸುತ್ತವೆ. 341 ಅಂದರೆ 11×31, ಆದರೂ ಶೇಷ 1 ಬರುತ್ತದೆ. ಎಂದೂ ಮೋಸ ಹೋಗದ, ದೊಡ್ಡ ಸಂಖ್ಯೆಗಳಿಗೂ ಹೆಜ್ಜೆಗಳು ಕೈಮೀರಿ ಬೆಳೆಯದ ಪರೀಕ್ಷೆಯನ್ನು 2002ರಲ್ಲಿ ಕಟ್ಟಿದವರು ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ದಾವಣಗೆರೆಗೆ ವಾಪಸ್ ಬಂದ ಮೇಲೆ ನಮ್ಮೂರಿನ 577001 ಹಿಡಿದೆ. 23ಕ್ಕೇ ಒಡೆದುಹೋಯಿತು, 23×25087. 23 ಒಂಬತ್ತನೇ ಅವಿಭಾಜ್ಯ, ಚಹಾ ಬರುವ ಮೊದಲೇ ಕೆಲಸ ಮುಗಿಯಿತು. ಸೊಸೆಗೆ ಫೋನ್ ಮಾಡಿ ಹೇಳಿದೆ. ಅವಳು ಆಗಲೇ ಹರಿಹರದ 577601 ಹಿಡಿದಿದ್ದಳು.

"ಮಾವ, ಇದು 760ರ ವರ್ಗಕ್ಕೆ ಒಂದು ಕೂಡಿಸಿದ್ದು" ಅಂದಳು. ಹೌದಲ್ಲ! 577600 ಬಂದದ್ದು ಆ ದಿನ ನಮ್ಮ ಗಡಿ ಲೆಕ್ಕದಲ್ಲೇ. ನಾನು ನೋಡಿಯೂ ನೋಡಿರಲಿಲ್ಲ. 577 ಕೂಡ ಹಾಗೇ, 24ರ ವರ್ಗಕ್ಕೆ ಒಂದು ಕೂಡಿಸಿದ್ದು. ವರ್ಗಕ್ಕೆ ಒಂದು ಸೇರಿಸಿ ಸಿಗುವ ಅವಿಭಾಜ್ಯಗಳಿಗೆ ಕೊನೆ ಇದೆಯೋ ಇಲ್ಲವೋ, ಇವತ್ತಿಗೂ ಯಾರೂ ಸಾಧಿಸಿಲ್ಲ. 1912ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ಗಣಿತಜ್ಞರ ಮುಂದೆ ಜರ್ಮನಿಯ ಗಣಿತಜ್ಞ ಲ್ಯಾಂಡೌ ಈ ಪ್ರಶ್ನೆ ಇಟ್ಟಿದ್ದ. ಅದು ಇನ್ನೂ ಹಾಗೇ ಇದೆ.

577601 ಆ ಗುಂಪಿಗೆ ಸೇರುತ್ತದಾ? ಇಲ್ಲೂ ಗಡಿ 760, ಅವಿಭಾಜ್ಯಗಳು ಅವೇ 134. ಆದರೆ ಚೌಕಗಳ ನಿಯಮ ಇಲ್ಲಿ ಕೈ ಹಿಡಿಯುತ್ತದೆ. ವರ್ಗಕ್ಕೆ ಒಂದು ಕೂಡಿಸಿ ಬಂದ ಸಂಖ್ಯೆಯನ್ನು ಆ ಎರಡನೇ ಜಾತಿಯ ಅವಿಭಾಜ್ಯಗಳು, ಅಂದರೆ ನಾಲ್ಕರಿಂದ ಭಾಗಿಸಿದಾಗ 3 ಉಳಿಯುವವು, ಯಾವತ್ತೂ ಭಾಗಿಸುವುದಿಲ್ಲ. ಅವನ್ನೆಲ್ಲ ಬಿಟ್ಟುಬಿಡಬಹುದು. 2 ಅಂತೂ ಇಲ್ಲ. ಉಳಿಯುವುದು 63.

ನಾಲ್ಕು ದಿನ ಆದ ಮೇಲೆ ಮೊಬೈಲಿಗೆ ಒಂದು ಫೋಟೋ ಬಂತು. ನೋಟ್‌ಬುಕ್ಕಿನ ಆರು ಪುಟ. 5ರಿಂದ ಶುರು, ಒಂದೊಂದರ ಪಕ್ಕದಲ್ಲೂ ಭಾಗಲಬ್ಧ, ಶೇಷ. ಎರಡು ಕಡೆ ಹೊಡೆದುಹಾಕಿ ಮತ್ತೆ ಮಾಡಿದ್ದಳು. ಯಾವ ಸಾಲಿನಲ್ಲೂ ಶೇಷ ಸೊನ್ನೆ ಇರಲಿಲ್ಲ. ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೀಟು ಎಳೆದಿದ್ದಳು. 757, ಭಾಗಲಬ್ಧ 763, ಶೇಷ 10.